ರೆಹಬ್ಬಾಮನಿಗೆ ಬೈದು ಮೀಟಿಂಗಿಗೆ ಬಂದ ಅಯ್ಯನವರು

ಕೆಲವು ವಾರಗಳ ಹಿಂದೆ ನಮ್ಮ ಚಾಮರಾಜಪೇಟೆಯ ಚರ್ಚಿನಲ್ಲಿ ಪಾದ್ರಿ ಅಯ್ಯನವರು ರೆಹಬ್ಬಾಮನ ಮೇಲೆ ಪ್ರಸಂಗ ಮಾಡಿದರು. ಏನು ಪ್ರಸಂಗ ಅಂತೀರಿ!

"ಅರಸರಿಂದ ಕ್ರೈಸ್ತರಿಗೆ ಪಾಠ" ಅಂತ ವಾರಕ್ಕೊಬ್ಬ ಅರಸನನ್ನು ಹಿಡಿದು ಜಾಡಿಸುವ ಸರಣಿ ಅದು. ಸೌಲನ ಹೊಟ್ಟೆಕಿಚ್ಚು, ಸೊಲೊಮೋನನ ಹೆಂಡತಿಯರು ಎಲ್ಲ ಮುಗಿದು, ಅವತ್ತು ಸೊಲೊಮೋನನ ಮಗ ರೆಹಬ್ಬಾಮನ ಸರದಿ.

ಬೈಬಲಿನ ಹಳೇ ಒಡಂಬಡಿಕೆಯ ಈ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೆಹಬ್ಬಾಮ ಪಟ್ಟಕ್ಕೆ ಬಂದಾಗ ಜನ ಬಂದು, ನಿಮ್ಮಪ್ಪ ಹೊರಿಸಿದ ನೊಗ ಭಾರವಾಗಿದೆ, ಸ್ವಲ್ಪ ಹಗುರ ಮಾಡಿ ಎಂದು ಬೇಡಿಕೊಂಡರು.

ಹಗುರ ಮಾಡು ಎಂದರು ಹಿರಿಯರು. ಇನ್ನೂ ಬಿಗಿ ಮಾಡು ಎಂದರು ಅವನ ಜೊತೆ ಬೆಳೆದ ಹುಡುಗರು. ಮಹಾರಾಯ ಹುಡುಗರ ಮಾತು ಕೇಳಿದ. ಹನ್ನೆರಡು ಕುಲಗಳಲ್ಲಿ ಹತ್ತು ಅವನನ್ನು ಬಿಟ್ಟು ಹೋದವು.

"ಹಿರಿಯರ ಮಾತಿಗೆ ಕಿವಿಗೊಡದ ಸಭೆ ಒಡೆದು ಹೋಗುತ್ತೆ, ಪ್ರಿಯರೇ," ಎಂದು ಅಯ್ಯನವರು ಪುಲ್ಪಿಟ್ ಗುದ್ದಿದರು. ನಾವೂ ಗಟ್ಟಿಯಾಗಿ ಆಮೆನ್ ಎಂದೆವು.

ಆಮೇಲೆ ಪಕ್ಕದ ಹಾಲಿನಲ್ಲಿ ಕಾಫಿ, ಕನ್ನಡ ಮತ್ತು ಇಂಗ್ಲಿಷ್ ಆರಾಧನೆಯವರೆಲ್ಲ ಸೇರಿ ಮೀಟಿಂಗ್.

ಮೊದಲನೇ ವಿಷಯವೇ ಇದು... ಬೆಳಗಿನ ಎಂಟೂವರೆಯ ಕನ್ನಡ ಆರಾಧನೆ ಇನ್ನು ಮುಂದೆ ಮಧ್ಯಾಹ್ನ ಮೂರಕ್ಕೆ. ಇಂಗ್ಲಿಷ್ ಆರಾಧನೆಗೆ ಡ್ರಮ್ಸ್, ಗಿಟಾರ್ ಜೋಡಿಸಲು ಬೆಳಿಗ್ಗೆ ಟೈಮ್ ಬೇಕಂತೆ. ಕಾರ್ ಪಾರ್ಕಿಂಗಿಗೂ ಅನುಕೂಲವಂತೆ.

ಕನ್ನಡದವರಲ್ಲಿ ಮುಕ್ಕಾಲು ಪಾಲು ವಯಸ್ಸಾದವರು, ಅವರಿಗೆ ಯಾವ ಹೊತ್ತಾದರೂ ಆಗುತ್ತೆ ಎಂಬುದು ಕಮಿಟಿಯವರ ದೊಡ್ಡ ಸಂಶೋಧನೆ.

ನಮ್ಮ ಅತ್ತೆ ಕೃಪಾವತಿ ಎದ್ದು ನಿಂತರು. ಮದುವೆಯಾಗಿ ಬಂದಾಗಿನಿಂದ ಆ ಎಂಟೂವರೆಯ ಆರಾಧನೆಯಲ್ಲಿ ಕೀರ್ತನೆ ಶುರು ಮಾಡುವುದು ಅವರ ದನಿಯೇ. ಮಾವ ತೀರಿಕೊಂಡ ಮೇಲಂತೂ ಇಡೀ ವಾರದಲ್ಲಿ ಅವರದು ಅಂತ ಉಳಿದಿರುವುದು ಅದೊಂದು ಬೆಳಿಗ್ಗೆ. ಶುಗರ್ ಇದೆ, ಮಧ್ಯಾಹ್ನ ಊಟ ಮಾಡಿ ಮಲಗದಿದ್ದರೆ ತಲೆ ಸುತ್ತುತ್ತದೆ.

"ಅಯ್ಯನವ್ರೇ, ಮೂರು ಗಂಟೆ ಬಿಸಿಲಲ್ಲಿ ನಮ್ಮಂಥೋರು ಹೇಗ್ ಬರೋದು? ಬೇಕಾದ್ರೆ ಏಳಕ್ಕೇ ಬಂದು, ಬೇಗ ಮುಗಿಸ್ಕೊಂಡು ಜಾಗ ಬಿಟ್ಕೊಡ್ತೀವಿ."

ಅವರು ಕೇಳಿದ್ದು ಇಷ್ಟೇ.

"ಯೂತ್ ಜೊತೆ ಕೂತು, ಪ್ರಾರ್ಥನೆ ಮಾಡೇ ತೀರ್ಮಾನ ತಗೊಂಡಿದೀವಮ್ಮ," ಎಂದರು ಅಯ್ಯನವರು.

ಯೂತ್ ಜೊತೆ! ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು.

ಅತ್ತೆ ಬಿಡಲಿಲ್ಲ. "ಈಗಿನ್ನೂ ನೀವೇ ಹೇಳಿದ್ರಲ್ಲ, ರೆಹಬ್ಬಾಮ ಹಿಂಗೇ ಮಾಡಿ ಕೆಟ್ಟ ಅಂತ?"

ಅಯ್ಯನವರು ನಕ್ಕರು. "ಅಮ್ಮಾ, ಅದು ಹಳೇ ಒಡಂಬಡಿಕೆ."

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ಸೆರಗು ಹೊದ್ದು ಕೂತುಬಿಟ್ಟರು.

ನಮ್ಮ ದುಡಿಮೆಯ ಹತ್ತರಲ್ಲೊಂದು ಪಾಲು, ಆ ದಶಮಾಂಶ, ಕೇಳುವಾಗ ಮಾತ್ರ ಇವರಿಗೆ ಹಳೇ ಒಡಂಬಡಿಕೆ ಇವತ್ತೇ ಬರೆದ ಹಾಗಿರುತ್ತದೆ.

ಕೈ ಎತ್ತಿಸಿದರು, ಪಾಸ್ ಆಯಿತು. ಅದಕ್ಕೊಂದು ಸ್ತೋತ್ರದ ಪ್ರಾರ್ಥನೆ ಬೇರೆ.

ಈಗ ಭಾನುವಾರ ಬೆಳಿಗ್ಗೆ ಅತ್ತೆ ಮತ್ತವರ ಜೊತೆಯವರು ತ್ಯಾಗರಾಜನಗರದಲ್ಲಿ ಗೆಳತಿಯೊಬ್ಬರ ಮನೆಯಲ್ಲಿ ಸೇರುತ್ತಾರೆ. ಹಾರ್ಮೋನಿಯಂ ಇದೆ, ಬೈಬಲ್ ಇದೆ. ಅತ್ತೆಯನ್ನು ಬಿಟ್ಟುಬರಲು ಹೋಗುತ್ತಿದ್ದ ನಾನೂ ಈಗ ಅಲ್ಲೇ ಕೂರುತ್ತೇನೆ.

ಚರ್ಚಿನಲ್ಲಿ ಮೂರು ಗಂಟೆಗೆ ಖಾಲಿ ಬೆಂಚುಗಳಿಗೆ ಪ್ರಸಂಗ ನಡೆಯುತ್ತಿದೆಯಂತೆ.

ಮೊನ್ನೆ ಕಮಿಟಿ ಸೆಕ್ರೆಟರಿ ನಮ್ಮ ಮನೆಗೆ ಬಂದರು. ರೆಹಬ್ಬಾಮನೂ ಹೀಗೇ ಒಬ್ಬ ಅಧಿಕಾರಿಯನ್ನು ಕಳಿಸಿದ್ದ, ಜನ ಕಲ್ಲು ಹೊಡೆದು ಸಾಯಿಸಿದರು. ನಾವು ಬೆಂಗಳೂರಿನವರು, ಕಾಫಿ ಕೊಟ್ಟೆವು.

"ಅಯ್ಯನವ್ರು ನಿಮ್ಮನ್ನ ತುಂಬಾ ಕೇಳ್ತಿದ್ರಮ್ಮ. ಸಭೇಲಿ ಒಡಕು ಒಳ್ಳೇದಲ್ಲ... ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಬೇಕು."

ಅತ್ತೆ ಸೆಕ್ರೆಟರಿಯ ಎದುರಿಗೇ ಕೂತರು. "ನನ್ನ ಮದ್ವೆ ಆಗಿದ್ದು ಆ ಚರ್ಚಲ್ಲಿ. ನಮ್ಮೆಜಮಾನ್ರನ್ನ ಕಳಿಸ್ಕೊಟ್ಟಿದ್ದೂ ಅಲ್ಲಿಂದಾನೇ. ಸೋಫಾ ಮೇಲೆ ಕೂತು ಆರಾಧನೆ ಮಾಡೋಕೆ ನಂಗೇನು ಆಸೇನಾ? ಬೆಳಿಗ್ಗೆ ಬಾಗ್ಲು ತೆಗೀರಿ, ಬರ್ತೀವಿ."

ಸೆಕ್ರೆಟರಿ ಲೋಟ ಕೆಳಗಿಟ್ಟು, "ಯೂತ್‌ನ ಒಂದ್ ಮಾತು ಕೇಳ್ಬೇಕು," ಎಂದು ಎದ್ದು ಹೋದರು.

ಅರಸರ ಕಥೆಯನ್ನು ಇಷ್ಟು ಚೆನ್ನಾಗಿ ಹೇಳುವ ಇವರು, ಆ ಕಥೆಯಲ್ಲಿ ತಾವು ಯಾರು ಅಂದುಕೊಂಡಿರುತ್ತಾರೆ... ನಿಮಗೇನಾದರೂ ಗೊತ್ತಾ?