ಕೂಸಿನ ಕಿವಿಯಲ್ಲಿ ಹೇಳಿದ ಹೆಸರು

ನಿನ್ನೆ ಬನಹಟ್ಟಿಯಲ್ಲಿ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದರು. ಹಂಚಲು ಬೇಯಿಸಿದ ಕಾಳಿನ ಗುಗ್ಗರಿಯ ವಾಸನೆಗೆ ಅಜ್ಜಿ ನೆನಪಾದಳು. ನನಗಿಂತ ಮೊದಲಿನ ಎರಡು ಕೂಸು ಉಳಿಯಲಿಲ್ಲವೆಂದು, ಸಾವಿಗೂ ಹೇಸಿಗೆಯಾಗಲಿ ಅಂತ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪವ್ವ ಎಂದು ಹೆಸರಿಟ್ಟವಳು ಅವಳು. ಶಾಲೆಯಲ್ಲಿ ನಗುತ್ತಾರೆಂದು ಅತ್ತರೆ, ಮಗ್ಗದಿಂದ ತಲೆ ಎತ್ತದೆ, "ನಗಲಿ ಬಿಡ ಬೇ, ನೀ ಉಳದಿ ಹೌದಿಲ್ಲೊ?" ಎನ್ನುತ್ತಿದ್ದಳು.

ತಮ್ಮನ ಹೆಂಡತಿ ಮೊಬೈಲಿನಲ್ಲಿ ಹೆಕ್ಕಿದ ಹೆಸರು ಝಿಯಾನ್ವಿಕಾ. ಅರ್ಥ ಕೇಳಿದೆ.

"ಗೊತ್ತಿಲ್ರಿ ಅಕ್ಕಾರ, ಆದ್ರ ಊರಾಗ ಯಾರಿಗೂ ಇಲ್ಲ" ಎಂದಳು, ಹೊಸ ಸೀರೆಯ ಸೆರಗು ತೋರಿಸುವ ಗತ್ತಿನಲ್ಲಿ. ಯಾರಿಗೂ ಬೇಡದ ಹೆಸರು ಯಾರಿಗೂ ಇರುವುದಿಲ್ಲ, ನಿಜ.

ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನೇ. ಬಾಗಿ, ಶಾಸ್ತ್ರದ ಸದ್ದು ಸೇರಿಸಿ, ಯಾರಿಗೂ ಕೇಳದಂತೆ, "ಕುರ್ರ್, ತಿಪ್ಪವ್ವ" ಎಂದೆ. ಪದ್ಧತಿಯಂತೆ ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ಈ ಸಲ ಗುದ್ದಿಗೆ ಕಾರಣವಿತ್ತು; ಅವರಿಗದು ಗೊತ್ತಾಗಲಿಲ್ಲ.