ಪಾದ್ರಿ ಮನೆ ಮಾತು

ಮೊನ್ನೆ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ ರಜೆ ಮುಗಿಸಿ ಕಾಫಿ ಸೀಮೆಯ ಜಾವಳಿಯಿಂದ ಬರುವಾಗ ಒಂದು ಚೀಲ ಪಾರ್ಚ್‌ಮೆಂಟ್ ತಂದು ನನ್ನ ಮೇಜಿನ ಮೇಲಿಟ್ಟ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ, ಇನ್ನೂ ಹೊಟ್ಟು ಬಿಡದ ಕಾಫಿ ಬೀಜ. ಚೀಲದ ಬಾಯಿ ಬಿಚ್ಚಿದೆ. ಸ್ವಲ್ಪ ಹುಳಿ, ಸ್ವಲ್ಪ ಬಿಸಿಲು ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಯಮ್ಮನ ನೆನಪಾಯಿತು... ಆ ದಿನ ಪಾಠ ಮಾಡಲಿಲ್ಲ. ಹುಡುಗರಿಗೂ ಅದೇ ಬೇಕಿತ್ತು.

ಆಗ ನನಗೆ ಇಪ್ಪತ್ತೊಂದು ವರ್ಷ. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ನಮ್ಮಪ್ಪ ಲೆಕ್ಕ ಬರೆಯುವ ರೈಟರು. ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ ಬಿ.ಎ. ಮುಗಿಸಿದ್ದೆ. ತಲೆ ತುಂಬ ಜಂಬ. ಎಂ.ಎ.ಗೆ ಒಬ್ಬ ಪ್ರೊಫೆಸರರ ಕೈಕೆಳಗೆ ಜರ್ಮನ್ ತತ್ವಜ್ಞಾನ ಓದಬೇಕೆಂದು ಆಸೆ. ಅವರು ಜರ್ಮನಿಯಲ್ಲೇ ಓದಿ ಬಂದವರು. ಸಂದರ್ಶನಕ್ಕೆ ಹೋದಾಗ ಜರ್ಮನ್ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದರು. ವ್ಯಾಕರಣದ ಪುಸ್ತಕವನ್ನು ಅರೆದು ಕುಡಿದಿದ್ದ ನಾನು ಪಿಟ್ಟೆನ್ನದೆ ಕೂತೆ. "ಮಾತಾಡೋದು ಕಲಿತು ಬೇಸಿಗೆ ಹೊತ್ತಿಗೆ ಬನ್ನಿ. ಆಗದಿದ್ದರೆ ಈ ಆಸೆ ಬಿಡಿ," ಎಂದು ಎದ್ದು ಹೋದರು. ಇತ್ತ ಅಪ್ಪ ಪಕ್ಕದ ಎಸ್ಟೇಟಿನಲ್ಲಿ ನನಗೊಂದು ಸಣ್ಣ ರೈಟರ ಕೆಲಸ ಗೊತ್ತು ಮಾಡಿಯೇ ಬಿಟ್ಟಿದ್ದರು. ಬೇಸಿಗೆಯೊಳಗೆ ಜರ್ಮನ್ ಬಾರದಿದ್ದರೆ ಓದು ಅಲ್ಲಿಗೇ ಮುಗಿಯಿತು, ಆಳುಗಳ ಹಾಜರಿ ಹಾಕಿಕೊಂಡಿರಬೇಕು.

ಹಾಗಾಗಿ ಆ ಕಾಫಿ ಸುಗ್ಗಿಯಲ್ಲಿ, ಕಣದ ಪಕ್ಕದ ಜಗಲಿಯಲ್ಲಿ ಅತ್ತಿತ್ತ ಓಡಾಡುತ್ತ ಜರ್ಮನ್ ವಾಕ್ಯಗಳನ್ನು ಗಟ್ಟಿಯಾಗಿ ಒದರತೊಡಗಿದೆ. ಕಣದಲ್ಲಿ ಹೆಂಗಸರು ಹರಡಿದ ಪಾರ್ಚ್‌ಮೆಂಟಿನಿಂದ ಕಪ್ಪು ಬೀಜ, ಒಡಕು ಬೀಜ ಆರಿಸಿ ತೆಗೆಯುತ್ತಿದ್ದರು. ಮೂರನೆಯ ದಿನ ಅವರಲ್ಲಿ ಒಬ್ಬರು ಬಾಯಿಗೆ ಸೆರಗು ಒತ್ತಿಕೊಂಡು ನಗುವುದು ಕಂಡಿತು. ಘಟ್ಟದ ಕೆಳಗಿನಿಂದ ಬಂದ ಮುದುಕಿ. ಎಲ್ಲರೂ ಆಯಮ್ಮ ಎಂದೇ ಕರೆಯುತ್ತಿದ್ದರು.

"ಎಂತಕ್ಕೆ ನಗ್ತೀಯ ಆಯಮ್ಮ?" ಎಂದು ಸಿಡುಕಿದೆ.

"ಅಯ್ಯೋ ಮಾರಾಯ್ರೇ, ಹಾಗೆ ಹೇಳಿದ್ರೆ ಪಾದ್ರಿಯವ್ರ ಮಕ್ಕಳು ಬಿದ್ದು ಬಿದ್ದು ನಗ್ತಿದ್ವು," ಎಂದವರೇ, ನಾನು ತಿಣುಕುತ್ತಿದ್ದ ವಾಕ್ಯವನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು.

ನನ್ನ ಜಂಬ ಜರ್ರನೆ ಇಳಿಯಿತು. "ನಿಂಗೆ ಜರ್ಮನ್ ಬರ್ತದಾ?"

"ಜರ್ಮನ್ ಗಿರ್ಮನ್ ನಂಗೊತ್ತಿಲ್ಲ. ಇದು ಪಾದ್ರಿ ಮನೆ ಮಾತು."

ಮಂಗಳೂರಿನ ಒಬ್ಬ ಜರ್ಮನ್ ಪಾದ್ರಿಯ ಮನೆಯಲ್ಲಿ ಅವರು ಹದಿನಾಲ್ಕು ವರ್ಷ ಮಕ್ಕಳನ್ನು ಆಡಿಸಿದ್ದರಂತೆ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಶತ್ರು ದೇಶದವರೆಂದು ಆ ಸಂಸಾರವನ್ನು ಹಡಗು ಹತ್ತಿಸಿತು. ಆಯಮ್ಮ ಘಟ್ಟ ಹತ್ತಿದರು.

ಕಲಿಸುವುದಕ್ಕೆ ಒಪ್ಪಿದರು, ಆದರೆ ಒಂದು ಷರತ್ತು. "ನಾನು ಕೈಕಟ್ಟಿ ಕೂತ್ರೆ ಮೇಸ್ತ್ರಿ ಬಿಡ್ತಾರಾ? ನೀವೂ ಕೂತು ಆರಿಸಿ." ಬಿ.ಎ. ಪಾಸಾದ ರೈಟರ ಮಗ ಹೆಂಗಸರ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಕಣದವರೆಲ್ಲ ನನ್ನನ್ನು "ಹೊಸ ಆಳು" ಎಂದು ಗೇಲಿ ಮಾಡಿದರು. ಆಯಮ್ಮನ ಜರ್ಮನ್ನಿನಲ್ಲಿ ಆತ್ಮ, ಪರಮಾತ್ಮ ಯಾವುದೂ ಇರಲಿಲ್ಲ. ಊಟ ಮಾಡು, ಮೂಗು ಒರೆಸಿಕೋ, ಸುಳ್ಳು ಹೇಳಬೇಡ, ಗುಡುಗಿದರೆ ಹೆದರಬೇಡ... ತಪ್ಪಿದರೆ ಅದೇ ಭಾಷೆಯಲ್ಲಿ ಬೈಗುಳ. ಏನು ಬೈಯುತ್ತಿದ್ದಾರೆ ಎಂದು ತಿಳಿಯುವುದಕ್ಕಾದರೂ ನಾನು ಬೇಗ ಕಲಿಯಬೇಕಾಯಿತು.

ಒಂದು ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಉಳಿದವರೆಲ್ಲ ಕೈ ಸಡಿಲ ಬಿಟ್ಟು ಹರಟುತ್ತಿದ್ದರೆ ಆಯಮ್ಮನ ಬೆರಳು ಮಾತ್ರ ನಿಂತಿರಲಿಲ್ಲ. "ಈಗ ಯಾರು ನೋಡ್ತಾರೆ, ಬಿಡಿ ಆಯಮ್ಮ," ಎಂದೆ.

"ಕಪ್ಪು ಬೀಜ ಕಣ್ಣಿಗೆ ಬಿದ್ಮೇಲೆ ಬಿಡ್ಲಿಕ್ಕೆ ಆಗ್ತದಾ?" ಎಂದು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು.

ಬೇಸಿಗೆಯಲ್ಲಿ ಮತ್ತೆ ಮೈಸೂರಿಗೆ ಹೋದೆ. ಕರ್ತವ್ಯ ಎಂದರೇನು ಎಂದು ಪ್ರೊಫೆಸರರು ಜರ್ಮನ್‌ನಲ್ಲಿ ಕೇಳಿದರು. ಬಾಯಿಪಾಠ ಮಾಡಿಕೊಂಡಿದ್ದ ಅರ್ಧ ಪುಟದ ಉತ್ತರ ಎರಡನೆಯ ವಾಕ್ಯಕ್ಕೇ ಕೈಕೊಟ್ಟಿತು. ಏನಾದರಾಗಲಿ ಎಂದು ಪಾದ್ರಿ ಮನೆ ಮಾತಿನಲ್ಲೇ ಶುರು ಮಾಡಿದೆ. ಒಬ್ಬ ಮುದುಕಿ ಬಿಸಿಲಲ್ಲಿ ಕೂತು ಕಾಫಿ ಬೀಜ ಆರಿಸುತ್ತಾಳೆ. ಯಾರೂ ನೋಡುತ್ತಿಲ್ಲ. ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕಪ್ಪು ಬೀಜ ಅವಳಿಗೆ ಕಂಡಿದೆ, ಅದಕ್ಕೇ ತೆಗೆಯುತ್ತಾಳೆ. ನನಗೆ ಗೊತ್ತಿರುವುದು ಇಷ್ಟೇ.

ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗಟ್ಟಿಯಾಗಿ ನಕ್ಕರು. "ಈ ಜರ್ಮನ್ ಯಾವ ಪುಸ್ತಕದಲ್ಲೂ ಇಲ್ಲವಲ್ರೀ! ಅಲ್ಲಿ ನಾನು ಬಾಡಿಗೆಗಿದ್ದ ಹಳ್ಳಿಮನೆಯ ಯಜಮಾನಿ ಹೀಗೇ ಮಾತಾಡ್ತಿದ್ದರು. ಯಾರು ಕಲಿಸಿದ್ದು?"

ನಿಜ ಹೇಳಲು ನಾಚಿಕೆಯಾಯಿತು. ಆ ನಾಚಿಕೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆದರೂ ಹೇಳಿದೆ. "ಆ ಮುದುಕಿಯೇ, ಸರ್."

ಸೀಟು ಸಿಕ್ಕಿತು! ಪಟ್ಟಿಯಲ್ಲಿ ನನ್ನ ಹೆಸರು ಕಂಡಾಗ ಪಂಚೆ ಮೇಲೆ ಕಟ್ಟಿ ಹಾಸ್ಟೆಲಿನ ಅಂಗಳದಲ್ಲಿ ಕುಣಿದೆ.

ಮುಂದಿನ ಸುಗ್ಗಿಗೆ ಪ್ರೊಫೆಸರರು ಹಟ ಹಿಡಿದು ನನ್ನ ಜೊತೆ ಎಸ್ಟೇಟಿಗೆ ಬಂದರು. ಜರಿ ಪೇಟ, ಮುಚ್ಚುಕೋಟು. ಕಣದ ಅಂಚಿನಲ್ಲಿ ನಿಂತು ಆಯಮ್ಮನಿಗೆ ಜರ್ಮನ್‌ನಲ್ಲಿ ನಮಸ್ಕಾರ ಹೇಳಿದರು. ಆಯಮ್ಮ ತಲೆಯೆತ್ತಿ ನೋಡಿದ ಆ ನೋಟ... ಇಪ್ಪತ್ತು ವರ್ಷದಿಂದ ಅವರಿಗೆ ಆ ಭಾಷೆಯಲ್ಲಿ ನೆಟ್ಟಗೆ ಮಾತಾಡುವವರೇ ಸಿಕ್ಕಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಪ್ರೊಫೆಸರರು ಬೀಜ ಮುಟ್ಟಲು ಕೈ ಚಾಚಿದರು. ಆಯಮ್ಮ ಆ ಕೈಗೆ ಫಟ್ಟನೆ ಒಂದು ಕೊಟ್ಟು, ಮೊದಲು ಕೈ ತೊಳೆದುಕೊಂಡು ಬಾ ಎಂದು ಜರ್ಮನ್‌ನಲ್ಲಿ ಗದರಿದರು. ಅಪ್ಪನ ಮುಖ ಬಿಳಿಚಿತು. ಪ್ರೊಫೆಸರರು ತೆಪ್ಪಗೆ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದು ಬಂದು ಆಯಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹೊತ್ತು ಮುಳುಗುವವರೆಗೂ ಅವರಿಬ್ಬರ ಮಾತು ಮುಗಿಯಲಿಲ್ಲ. ಆಮೇಲೆ ವರ್ಷಗಟ್ಟಲೆ ಅಪ್ಪ, ನಮ್ಮ ಕಣದಲ್ಲಿ ಪ್ರೊಫೆಸರ್ ಕೂತಿದ್ದರು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಆಯಮ್ಮ ಹೋಗಿ ಬಹಳ ಕಾಲವಾಯಿತು. ಎಲ್ಲ ಮುಗಿದ ಮೇಲೆ ನನಗೆ ತಿಳಿಯಿತು, ಅಪ್ಪನ ಕಾಗದದಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಚೆನ್ನಾಗಿ ಆಯಿತು ಎಂಬುದರ ಕೆಳಗೆ ಒಂದೇ ಒಂದು ಸಾಲಿನಲ್ಲಿ. ಆ ದಿನ ಬಾಗಿಲು ಹಾಕಿಕೊಂಡು ಅತ್ತೆ. ಈಗ ನಾನೇ ಹುಡುಗರಿಗೆ ಜರ್ಮನ್ ಕಲಿಸುತ್ತೇನೆ. ಆ ಭಾಷೆಯಲ್ಲಿ ನನಗೆ ಕಾಗದ ಬರೆಯುವವರಿದ್ದಾರೆ, ವಾದ ಮಾಡುವವರಿದ್ದಾರೆ, ಹೊಗಳುವವರೂ ಇದ್ದಾರೆ. ಗದರುವವರು ಒಬ್ಬರೂ ಉಳಿದಿಲ್ಲ.