ಲಿಸ್ಟಿಗೆ ಹೋದವರು

ಪೊಲೀಸ್ ಠಾಣೆಯ ಗೋಡೆಗೆ ಸೊಂಟದ ಮಟ್ಟದ ತನಕ ಕೆಂಪು ಬಣ್ಣ ಯಾಕೆ ಬಳಿಯುತ್ತಾರೆ ಎಂದು ನನಗೆ ತಿಳಿದದ್ದು ಅಲ್ಲಿಯ ಬೆಂಚಿನ ಮೇಲೆ ಮೂರು ದಿನ ಕೂತ ಮೇಲೆ. ಉಗುಳಿದ್ದು ಕಾಣಬಾರದು ಅಂತ. ಆದರೂ ಕಾಣುತ್ತಿತ್ತು. ಎಲೆ ಅಡಿಕೆಯ ರಸ ಒಣಗಿ, ಅದರ ಮೇಲೆ ಹೊಸದು ಇಳಿದು, ಮೂಲೆಯಲ್ಲಿ ನೊಣ ಗುಂಪುಗೂಡಿದ್ದವು. ಇವತ್ತಿಗೂ ನೆನೆಸಿಕೊಂಡರೆ ಊಟ ಸೇರುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕುಗಳಲ್ಲಿ ನಾನು ಶಾಲೆಯ ಟೀಚರಾಗಿ ದುಡಿದವಳು. ಈ ಠಾಣೆ ಮೂರರಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ಮೂರೂ ಕಡೆಯವರು ನಮ್ಮದಲ್ಲ ಎಂದುಕೊಂಡು ಸಮಾಧಾನವಾಗಿರಲಿ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ತಮ್ಮನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಅಂದರೆ, ಬಾಗಿಲತನಕ ಬಂದಿತ್ತು. ಅಷ್ಟರಲ್ಲಿ ಆಯ್ಕೆಯ ಕಚೇರಿಯಿಂದ ಒಂದು ಕಾಗದ ಬಂತು: ನೀವು ಹಿಂದೆ ದಸ್ತಗಿರಿಯಾಗಿದ್ದೀರೆಂದು ಪೊಲೀಸ್ ವರದಿ ಇದೆ, ಆ ಪ್ರಕರಣ ಮುಗಿದಿದ್ದರೆ ಅದರ ಆದೇಶದ ನಕಲನ್ನು ಹದಿನೈದು ದಿನದೊಳಗೆ ಹಾಜರುಪಡಿಸಿ, ಇಲ್ಲವಾದರೆ ಮುಂದಿನವರನ್ನು ಕರೆಯಲಾಗುವುದು. ತಮ್ಮ ಆ ಕಾಗದವನ್ನು ಓದಿ ನಕ್ಕ. “ಯಕ್ಕಾ, ಅವತ್ತ್ ಲಿಸ್ಟಿಗಿ ಹೋಗಿದ್ನಲ್ಲ, ಅದಾ!” ಎಂದ. ನಾನೂ ನಕ್ಕೆ. ಎಂಥ ಹುಚ್ಚರು ನಾವು.

ಲಿಸ್ಟಿಗೆ ಹೋಗುವುದು ನಮ್ಮೂರಿನ ಹಳೆಯ ಪದ್ಧತಿ. ಚುನಾವಣೆ ಬಂದರೆ, ದೊಡ್ಡ ಹಬ್ಬ ಬಂದರೆ, ಗಲಾಟೆ ಆಗಬಾರದೆಂದು ಮುಂಚಿತವಾಗಿಯೇ ಊರಿಗಿಷ್ಟು ಮಂದಿಯನ್ನು ಹಿಡಿದೆವೆಂದು ಠಾಣೆಯವರು ಮೇಲಿನವರಿಗೆ ತೋರಿಸಬೇಕಿತ್ತು. ಹಿಡಿಯಲು ಅವರು ಓಡಾಡುತ್ತಿರಲಿಲ್ಲ. ನಮ್ಮ ಕಾಕಾನಿಗೆ, ಅಂದರೆ ಚಿಕ್ಕಪ್ಪನಿಗೆ, ಹೇಳಿ ಕಳಿಸುತ್ತಿದ್ದರು. ಊರಿನ ಮೇಲೆ ಕಾಕಾನಿಗಿದ್ದ ಪೊಲೀಸ್ ಪಾಟೀಲ್ಕಿಯ ಅಧಿಕಾರ ಹೋಗಿ ಎಷ್ಟೋ ವರ್ಷವಾಗಿದ್ದರೂ ಗತ್ತು ಹೋಗಿರಲಿಲ್ಲ. ಅವನು ಹನ್ನೆರಡು ಹೆಸರು ಹೇಳುತ್ತಿದ್ದ. ಅವನಿಗೆ ಅಕ್ಷರ ಬಾರದು, ಓದಿದವರು ಯಾರಾದರೂ ಬರೆದುಕೊಡುತ್ತಿದ್ದರು. ಆ ಹನ್ನೆರಡು ಮಂದಿ ನಕ್ಕೋತ ಟ್ರ್ಯಾಕ್ಟರ್ ಏರಿ ಠಾಣೆಗೆ ಹೋಗಿ, ಮಧ್ಯಾಹ್ನತನಕ ಕೂತು, ತಹಸೀಲ್ದಾರರ ಮುಂದೆ ಒಂದು ಮುಚ್ಚಳಿಕೆಗೆ ಸಹಿ ಹಾಕಿ, ಚುರುಮುರಿ ಮಿರ್ಚಿಬಜಿ ತಿಂದು ಸಂಜೆಗೆ ಮನೆ ಸೇರುತ್ತಿದ್ದರು. ನಿಜವಾಗಿ ಬಡಿಗೆ ಹಿಡಿಯುವ ದೊಡ್ಡವರ ಮಕ್ಕಳು ಒಬ್ಬರೂ ಅದರಲ್ಲಿ ಇರುತ್ತಿರಲಿಲ್ಲ. ಬಡವರು, ಖಾಲಿ ಕೂತವರು, ಇಲ್ಲ ಅನ್ನಲು ಬಾಯಿ ಬರದವರು, ಇವರೇ. ಮದುವೆಯ ಕರೆಯೋಲೆ ಬಂದಂತೆ ಹೋಗಿ ಬರುತ್ತಿದ್ದರು. ಅಲ್ಲಿ ತಮ್ಮ ಹೆಸರಿನ ಮುಂದೆ ‘ದಸ್ತಗಿರಿ’ ಎಂದು ಬರೆಯುತ್ತಾರೆ, ಅದು ಅಲ್ಲೇ ಉಳಿಯುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಠಾಣೆಗೆ ಹೊರಟದ್ದು ಓಣಿಗೆಲ್ಲ ಗೊತ್ತಾಯಿತು. ಎದುರು ಮನೆಯ, ಗಾರೆ ಕೆಲಸದ ಗೌಂಡಿಯ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮಗನಿಗೆ ಹೋದ ವರ್ಷ ಗೋದಾಮಿನ ವಾಚ್‌ಮನ್ ಕೆಲಸ ಆಗಿ, ಹಿಂಗೇ ಪೊಲೀಸ್ ವರದಿಯಿಂದ ತಪ್ಪಿಹೋಗಿತ್ತು.

“ಟೀಚರವ್ವಾ, ನಮ್ ಹುಡುಗಂದೂ ಅದರಾಗೇ ಇರ್ಬೇಕು ನೋಡವ್ವಾ. ಗೋದಾಮಿನವ್ರು ಮತ್ತೊಮ್ಮಿ ಕರೀತೀವಿ ಅಂದಾರ. ಕಾಗದ ಇದ್ರ ಕೆಲ್ಸ ಕೊಡ್ತಾರಂತ.”

“ನೋಡ್ತೇನಿ ಬಿಡವಾ, ಹೊಂಟೇನಲ್ಲ,” ಎಂದೆ.

ಠಾಣೆಯಲ್ಲಿ ದಫ್ತರ ಬರೆಯುವ ಪೊಲೀಸನಿಗೆ ರೈಟರ್ ಎನ್ನುತ್ತಾರೆ. ಆತ ಬೀಗದ ಕೈಯಿಂದ ಕಿವಿ ಕೆರೆದುಕೊಂಡು, ಅದರ ತುದಿಗೆ ಏನು ಬಂದಿದೆ ನೋಡಿ, ಮುಂದಿದ್ದ ರಿಜಿಸ್ಟರಿನ ರಟ್ಟಿಗೆ ಒರೆಸಿದ.

“ಏನ್ ಬೇಕ್ರಿ ಬಾಯಾರ?”

“ನಮ್ ತಮ್ಮನ ದಸ್ತಗಿರಿ ಕಾಗದದ ನಕಲ ಬೇಕ್ರಿ. ಮೂರ್ನಾಕ್ ವರ್ಷದ ಹಿಂದಿಂದು, ಎಲೆಕ್ಷನ್ ಟೈಮಿಂದು.”

“ತಾರೀಖ ಹೇಳ್ರಿ, ರಿಜಿಸ್ಟರ್ ತೆಗೀತೇನಿ.”

“ರಿಜಿಸ್ಟರ್ ತೆಗೀರಿ, ತಾರೀಖ ಅದರಾಗೇ ಇರ್ತದಲ್ರಿ.”

“ಹಂಗೆಂಗ್ ಬರ್ತದ್ರಿ? ಸರಕಾರಿ ದಫ್ತರ್ ಅದ. ತಾರೀಖ ಇಲ್ದ ಬಿಚ್ಚಾಕ ಬರಂಗಿಲ್ಲ.”

ಎರಡನೆಯ ದಿನ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಮೂರನೆಯ ದಿನ ಸಾಹೇಬರಿದ್ದರು, ರೈಟರ್ ಇರಲಿಲ್ಲ. ನಾನು ಬರೆದುಕೊಂಡು ಹೋಗಿದ್ದ ಅರ್ಜಿಯ ಮೇಲೆ ಯಾರೋ ಚಹಾದ ಕಪ್ಪು ಇಟ್ಟಿದ್ದರು, ಗುಂಡನೆಯ ಕಲೆ ಮೂಡಿತ್ತು. ಸಾಹೇಬರು ನನ್ನ ಮುಖ ಬಿಟ್ಟು ಬೇರೆಲ್ಲ ಕಡೆ ನೋಡುತ್ತ ಮಾತಾಡಿದರು. “ಅಕ್ಕನ್ಯಾಕ ಕಳಸ್ಯಾನ? ಗಂಡಸ್ ಅದಾನೋ ಇಲ್ಲೋ?” ಎಂದು ಪೇದೆಗಳ ಕಡೆ ತಿರುಗಿದರು. ಅವರು ನಕ್ಕರು. ಮನೆಗೆ ಬಂದು ಸೀರೆ ತೊಳೆಯಲು ಹಾಕಿ, ತಲೆಗೆ ನೀರು ಹೊಯ್ದುಕೊಂಡೆ. ಥೂ, ಅವರ ಜನ್ಮಕ್ಕಿಷ್ಟು!

ಹದಿನೈದು ದಿನದಲ್ಲಿ ಏಳು ಹೋಗಿದ್ದವು. ಆಗ ನನಗೆ ಹೊಳೆದದ್ದು ನಮ್ಮ ಶಾಲೆಯ ಹಾಜರಿ ಪುಸ್ತಕ. ಮತದಾನಕ್ಕೆ ನಮ್ಮ ಶಾಲೆಯನ್ನೇ ಕೊಡುತ್ತಿದ್ದೆವು, ಅವತ್ತು ಮಕ್ಕಳಿಗೆ ರಜೆ. ಹಳೆಯ ಹಾಜರಿ ಪುಸ್ತಕಗಳನ್ನು ಟ್ರಂಕಿನಿಂದ ತೆಗೆದು ಆ ರಜೆಯನ್ನು ಹುಡುಕಿದೆ. ಲಿಸ್ಟಿಗೆ ಹೋಗಿದ್ದು ಅದಕ್ಕೆ ಎರಡು ದಿನ ಮುಂಚೆ ಎಂದು ತಮ್ಮನಿಗೆ ನೆನಪಿತ್ತು. ಯಾಕೆಂದರೆ ಅವತ್ತು ಕರಜಗಿಯಿಂದ ಸೋದರತ್ತೆ ಬಂದಿದ್ದಳು, ಇವನಿಗೆ ಹೋಳಿಗೆ ತಪ್ಪಿತ್ತು.

ತಾರೀಖು ಹಿಡಿದುಕೊಂಡು ಹೋದೆ. ರೈಟರಿಗೆ ಬೇರೆ ದಾರಿ ಉಳಿಯಲಿಲ್ಲ. ನಾಲಿಗೆಗೆ ಬೆರಳು ಒತ್ತಿ, ಪುಟಕ್ಕೊಮ್ಮೆ ಎಂಜಲು ಹಚ್ಚಿ ತಿರುವಿದ. ಹನ್ನೆರಡೂ ಹೆಸರಿಗೆ ಒಂದೇ ಕೇಸ್ ನಂಬರು. ಅದನ್ನು ಬೀಡಿಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟು, “ನಕಲ ನಮ್ಮಲ್ಲಿ ಸಿಗಂಗಿಲ್ರಿ. ಫೈಲ್ ತಹಸೀಲಿ ಕಚೇರಿಗಿ ಹೋಗ್ಯದ. ಅಲ್ಲಿ ನಕಲ ಅರ್ಜಿ ಹಾಕ್ರಿ, ಸ್ಟಾಂಪ್ ಹಚ್ಚಿ,” ಎಂದ. ಇದನ್ನು ಮೊದಲನೇ ದಿನ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ತಹಸೀಲಿನ ದಫ್ತರ ಕೋಣೆಗೆ ತಮ್ಮನನ್ನೂ ಕರೆದುಕೊಂಡು ಹೋದೆ, ಅರ್ಜಿಗೆ ಅವನ ಸಹಿಯೇ ಬೇಕಿತ್ತು. ಕೋಣೆಯಲ್ಲಿ ಇಲಿ ಸತ್ತ ವಾಸನೆ. ಅಟ್ಟದ ತನಕ ಕೆಂಪು ಬಟ್ಟೆಯ ಗಂಟುಗಳು, ತಳದವು ನಿಜಾಮನ ಕಾಲದ ಉರ್ದು ಕಾಗದ. ಆದರೆ ಅಲ್ಲಿದ್ದ ಮುದುಕ ಗುಮಾಸ್ತ ಮನುಷ್ಯನಂತೆ ಮಾತಾಡಿದ. ಕೂಡಲು ಸ್ಟೂಲು ಕೊಟ್ಟ, ನಂಬರು ನೋಡಿದ, ಏಣಿ ಹತ್ತಿ ಒಂದು ಗಂಟನ್ನು ಇಳಿಸಿ, ಇಲಿಹಿಕ್ಕೆ ಕೊಡವಿ ಬಿಚ್ಚಿದ.

“ಆದೇಶ ಅದ ತಂಗಿ. ಕೇಸ್ ಕೈಬಿಟ್ಟಾರ. ನಿನ್ ತಮ್ಮನ್ ಕೆಲ್ಸಕ್ಕ ಏನೂ ಧಕ್ಕಿಲ್ಲ ತಗೋ.”

ನನಗೆ ಕಣ್ಣಲ್ಲಿ ನೀರು ಬಂತು. ಅವನು ಹಾಳೆ ತಿರುವಿದ. “ಇದು ನಿಮ್ ಊರಾಗಿಂದ ಬಂದ ಲಿಸ್ಟು. ಹೆಸರ್ ಬರೋಬರಿ ಅದ ಏನು ನೋಡ್ಕೋ,” ಎಂದು ಮುಂದಿಟ್ಟ.

ನನ್ನ ಅಕ್ಷರ. ಶಾಲೆಯ ಹಲಗೆಯ ಮೇಲೆ ದಿನಾ ಬರೆಯುವ ದುಂಡು ಅಕ್ಷರ. ಕೆಳಗೆ, ಊರಲ್ಲಿ ಯಾರಿಗೆ ಏನು ಬರೆದುಕೊಟ್ಟರೂ ರೂಢಿಯಂತೆ ಹಾಕುವ ಸಾಲು: ‘ಬರೆದವರು’, ಅದರ ಮುಂದೆ ನನ್ನ ಸಹಿ.

ಎಲ್ಲ ನೆನಪಾಯಿತು. ಪಡಸಾಲೆಯಲ್ಲಿ ನಾನು ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದೆ. ಕಾಕಾ ಬಂದು ಹನ್ನೊಂದು ಹೆಸರು ಹೇಳಿ, ಇನ್ನೊಂದು ಕಡಿಮೆ ಬಿತ್ತಲ್ಲ ಎಂದು ತಲೆ ಕೆರೆದುಕೊಂಡ. ತಮ್ಮ ಹೊರಸು ಮಂಚದ ಮೇಲೆ ರೇಡಿಯೋ ಹಚ್ಚಿಕೊಂಡು ಬಿದ್ದಿದ್ದ. ಆ ಗದ್ದಲಕ್ಕೆ ನನಗೆ ತಲೆ ಸಿಡಿಯುತ್ತಿತ್ತು. “ಇಂವ ಖಾಲಿ ಬಿದ್ದಾನಲ್ಲ ಕಾಕಾ, ಇಂವನ್ನೇ ಕರಕೊಂಡ್ ಹೋಗು, ಒಂದಿನ ಮನಿ ತಣ್ಣಗಿರ್ತದ,” ಎಂದು ನಾನೇ ಹೇಳಿ, ನಾನೇ ಬರೆದಿದ್ದೆ. ಆ ವರ್ಷಗಳಲ್ಲಿ ಅಂಥ ಲಿಸ್ಟು ಎಷ್ಟು ಬರೆದೆನೋ. ಸಂತೆಯ ಚೀಟಿ ಬರೆದಷ್ಟೂ ಲಕ್ಷ್ಯ ಕೊಟ್ಟಿರಲಿಲ್ಲ. ಏಳನೆಯ ಹೆಸರು ಎದುರು ಮನೆಯ ಗೌಂಡಿಯ ಮಗನದು.

ತಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಅಕ್ಷರ ಛಲೋ ಅದಾವ ಯಕ್ಕಾ,” ಎಂದು ಹೊರಗೆ ಹೋಗಿ ನಿಂತ.

ಗುಮಾಸ್ತನಿಗೆ ಇದೊಂದೂ ಗೊತ್ತಿಲ್ಲ. “ಉಳದ್ ಹನ್ನೊಂದ್ ಮಂದೀದೂ ಇದರಾಗೇ ಅದ ತಂಗಿ. ಎಲ್ಲಾರದೂ ನಕಲ ಅರ್ಜಿ ನಿನ್ ಕೈಲೇ ಬರದ್ ಕೊಡು, ಸಹಿ ಆಮ್ಯಾಲ ಮಾಡಿಸ್ಕೊಂಡ್ ಬಾ. ತೆಗದಿಡ್ತೇನಿ. ಮುಂದಿನ ತಿಂಗಳ ನಾ ರಿಟೈರ್, ಆಮ್ಯಾಲ ಈ ಗಂಟು ಯಾರ್ ಬಿಚ್ಚತಾರ?” ಎಂದ.

ಅರ್ಧ ಗಂಟೆಯ ಕೆಲಸ. ಪೆನ್ನು ನನ್ನ ಕೈಯಲ್ಲೇ ಇತ್ತು. ಆದರೆ ಹನ್ನೊಂದು ಮನೆಗೆ ಹೋಗಿ ಸಹಿ ಕೇಳಬೇಕು, ನಕಲು ಒಯ್ಯಲು ಹನ್ನೊಂದು ಮಂದಿ ಇಲ್ಲಿಗೆ ಬರಬೇಕು, ಬಂದವರ ಮುಂದೆ ಇದೇ ಹಾಳೆ ಬಿಚ್ಚಿಕೊಳ್ಳಬೇಕು. ನನಗೆ ಆ ಗಂಟು ಮುಚ್ಚಿದರೆ ಸಾಕಾಗಿತ್ತು.

“ಬ್ಯಾಡ್ರಿ ಅಣ್ಣಾರ. ನಮ್ ತಮ್ಮಂದಷ್ಟೇ ಸಾಕು. ಲಿಸ್ಟಿನ ನಕಲ ಬ್ಯಾಡ, ಆದೇಶದ್ದಷ್ಟೇ ಕೊಡ್ರಿ,” ಎಂದೆ.

ಠಾಣೆಯ ಗೋಡೆಯನ್ನು ನೋಡಿ ಮೂರು ದಿನ ಮೂಗು ಮುರಿದವಳು ನಾನು.

ಹದಿಮೂರನೆಯ ದಿನ ನಕಲು ಕೈಗೆ ಬಂತು. ತಮ್ಮನಿಗೆ ಕೆಲಸವೂ ಆಯಿತು. ನಕಲು ತಂದ ಸಂಜೆ ನಾವಿಬ್ಬರೂ ಬಸ್ಸಿಳಿದು ಓಣಿಗೆ ಬಂದಾಗ ಗೌಂಡಿಯ ಹೆಂಡತಿ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ನಮ್ಮನ್ನು ನೋಡಿದ್ದೇ ಎದ್ದು ನಿಂತಳು.

“ನಮ್ ಹುಡುಗಂದು ಇತ್ತೇನವ್ವಾ?”

ತಮ್ಮ ನನ್ನ ಮುಖವನ್ನೇ ನೋಡಿದ.

“ಇದ್ದಿಲ್ಲವಾ,” ಎಂದೆ. “ಭಾಳ ಹುಡುಕಿದೆ, ಸಿಗಲಿಲ್ಲ.”

“ಇರ್ಲಿ ಬಿಡವ್ವಾ. ನೀ ಆದ್ರೂ ನಮ್ ಸಲುವಾಗಿ ಹುಡುಕಿದಿ,” ಎಂದು ಆಕೆ ನನಗೆ ಕುಡಿಯಲು ನೀರು ತಂದುಕೊಟ್ಟಳು.